ಕಕ್ಕೆ ಹೂವಿನ ಲೆಕ್ಕ

ಬೆಳಗಿನಿಂದ ಹುಚ್ಚಮ್ಮ ಗದ್ದೆಗೆ ಹೋಗಿ ಬಂದದ್ದು ಇದು ಮೂರನೇ ಸಲ. ಹೋಗಿ ಮಾಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ವರದಾ ಹೊಳೆಯ ದಂಡೆಯ ಆ ಎರಡು ಎಕರೆಯಲ್ಲಿ ಬಿತ್ತಿದ್ದ ಭತ್ತ ಮೊಳೆತು, ಬೆರಳುದ್ದ ಎದ್ದು, ಇಪ್ಪತ್ತು ದಿನದ ಬಿಸಿಲಿಗೆ ಸೀದು ಹೋಗಿತ್ತು. ಸೀದ ಸಸಿಯನ್ನು ದಿನಕ್ಕೆ ಮೂರು ಸಲ ನೋಡಿದರೆ ಅದೇನು ಹಸುರಾಗುತ್ತದೆಯೇ? ಆಗುವುದಿಲ್ಲ ಅಂತ ಅವಳಿಗೂ ಗೊತ್ತು. ಆದರೆ ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು, ಪಾತ್ರೆ ತೊಳೆಯಲು ಹೋದರೆ ತೊಳೆದದ್ದನ್ನೇ ತೊಳೆಯುತ್ತಾಳೆ. ಸೊಸೆ ಮಾಲಾ ಅತ್ತೆಯ ಕೈಯಿಂದ ತಂಬಿಗೆ ಕಿತ್ತುಕೊಂಡು, "ಅತ್ತೆ, ನೀವು ಗದ್ದೆಗಾದ್ರೂ ಹೋಗಿ ಬನ್ನಿ" ಅಂದಿದ್ದಳು.

ಜಗಲಿಯಲ್ಲಿ ಗಂಡ ರಾಮಪ್ಪ ಕೂರಿಗೆಯ ಬಟ್ಟಲಿಗೆ ಹಗ್ಗ ಬಿಗಿಯುತ್ತಿದ್ದ. ಬಿತ್ತಲು ಬೀಜವೇ ಇಲ್ಲದ ಮನೆಯಲ್ಲಿ ಕೂರಿಗೆ ಸರಿಮಾಡುತ್ತಿರುವ ಗಂಡಸನ್ನು ಕಂಡು ಅವಳ ಮೈಯೆಲ್ಲ ಉರಿಯಿತು.

"ಅದನ್ಯಾಕೆ ಕಟ್ತಾ ಕೂತಿದೀರಿ? ಬಟ್ಲಿಗೆ ಎಂತ ಹಾಕ್ತೀರಿ, ನನ್ನ ತಲೇನ?"

"ತಲೆ ಇದ್ದಿದ್ರೆ ಹಿಂಗ್ಯಾಕೆ ಆಗ್ತಿತ್ತು ಮಾರಾಯ್ತಿ" ಅಂದ ರಾಮಪ್ಪ. ವಾರಕ್ಕೆ ನಾಲ್ಕು ಮಾತಾಡುವ ಮನುಷ್ಯ. ಆ ನಾಲ್ಕನ್ನೂ ಅಳೆದು ನೋಡಿ, ನೋಯುವ ಜಾಗಕ್ಕೇ ಹಾಕುತ್ತಾನೆ.

ಆ ಗದ್ದೆಯ ಗುಣ ಒಂದಿಷ್ಟು ಹೇಳಬೇಕು. ಮಳೆಗಾಲದಲ್ಲಿ ಹೊಳೆ ಏರಿ ಬಂದು ಅದರ ಮೇಲೆ ಹತ್ತು ಹದಿನೈದು ದಿನ ಕೂತುಬಿಡುತ್ತದೆ, ಮದುವೆ ಮುಗಿದರೂ ಏಳದ ಬೀಗರ ಹಾಗೆ. ಪೇಟೆಯಿಂದ ತಂದ ಯಾವ ಭತ್ತ ಹಾಕಿದರೂ ಕೊಳೆತು ನಾರುತ್ತದೆ. ಅದನ್ನು ತಡೆದುಕೊಳ್ಳುವುದು ನೆರೆಗೂಳಿ ಅನ್ನುವ ಹಳೆಯ ಭತ್ತ ಒಂದೇ. ಅದು ನೀರಿನಡಿ ಮಲಗಿದ್ದು, ಹೊಳೆ ಇಳಿದ ಮೇಲೆ ಕೆಸರು ಕೊಡವಿಕೊಂಡು ಏಳುತ್ತದೆ. ಆದರೆ ನೆರೆ ಬರುವ ಹೊತ್ತಿಗೆ ಪೈರಿಗೆ ನಲವತ್ತು ದಿನವಾದರೂ ತುಂಬಿರಬೇಕು, ಮೊಣಕಾಲೆತ್ತರ ಬಂದಿರಬೇಕು. ಎಳೆಯದಾಗಿದ್ದರೆ ನೆರೆಗೂಳಿಯೂ ಸಾಯುತ್ತದೆ. ಹಿಂದೆ ಪುಷ್ಯ ಮಳೆಗೆ ಹೊಳೆ ಏರುತ್ತಿತ್ತು, ರೋಹಿಣಿಯಲ್ಲಿ ಬಿತ್ತಿದರೆ ಲೆಕ್ಕ ಸರಿಹೋಗುತ್ತಿತ್ತು. ಈಗ ಹೊಳೆಗೂ ನೆನಪು ಕೆಟ್ಟಿದೆ, ಮಳೆಗೂ ನೆನಪು ಕೆಟ್ಟಿದೆ. ಒಂದು ವರ್ಷ ಆಷಾಢ ಕಳೆದರೂ ಹೊಳೆಯಲ್ಲಿ ದನ ದಾಟುವಷ್ಟೇ ನೀರು. ಇನ್ನೊಂದು ವರ್ಷ ಕೊಯ್ಲಿನ ದಿನ ಜಡಿಮಳೆ. ಹೋದ ಡಿಸೆಂಬರಿನಲ್ಲಿ ಕೊಯ್ದು ಹಾಕಿದ ಭತ್ತ ಗದ್ದೆಯಲ್ಲೇ ನೆನೆದು ಮೊಳಕೆ ಬಂದು, ಬೀಜಕ್ಕೆ ಅಂತ ಉಳಿದದ್ದು ಹುಲ್ಲು ಸುತ್ತಿ ಕಟ್ಟಿದ ಎರಡು ಮೂಡೆ ಮಾತ್ರ. ಊರಿನಲ್ಲಿ ಇನ್ಯಾರ ಮನೆಯಲ್ಲೂ ಆ ಬೀಜವಿಲ್ಲ. ಉಳಿದವರು ಹೊಳೆಬದಿಯ ಗದ್ದೆ ಪಾಳುಬಿಟ್ಟು ಮೇಲಿನ ಹೊಲದಲ್ಲಿ ಜೋಳ ಹಾಕಿಕೊಂಡಿದ್ದರು.

ಒಂದು ಮೂಡೆ ಬಿತ್ತಿ, ಒಂದನ್ನು ಅಟ್ಟದ ಮೇಲೆ ಇಡುವುದು ಆ ಮನೆಯ ಪದ್ಧತಿ. ಈ ವರ್ಷ ಹುಚ್ಚಮ್ಮ ಎರಡನ್ನೂ ಬಿತ್ತಿಸಿದ್ದಳು.

ಯಾಕೆ ಅಂದರೆ, ಕಕ್ಕೆ. ಗದ್ದೆಯ ಆಚೆ ಬದುವಿಗೆ ಹತ್ತಿಕೊಂಡಂತೆ ಕಾನು ಶುರುವಾಗುತ್ತದೆ. ಹಗಲಲ್ಲೂ ನೆರಳು ಕವಿದಿರುವ ಹಳೆಯ ಕಾಡು ಅದು. ಅದರ ಅಂಚಿನಲ್ಲಿ ಒಂದು ಕಕ್ಕೆ ಮರವಿದೆ. ಆ ಮರದಲ್ಲಿ ಹಳದಿ ಹೂ ಕಂಡ ದಿನದಿಂದ ನಲವತ್ತೈದು ಎಣಿಸಿದರೆ ಬಿತ್ತುವ ಮಳೆ ಅಂತ ಹುಚ್ಚಮ್ಮನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಅನ್ನುತ್ತಾಳೆ. ತಪ್ಪಿದ ವರ್ಷ ಮೊದಲನೇ ಹೂ ಬಿಟ್ಟು ಎರಡನೇ ಹೂವಿನಿಂದ ಎಣಿಸುತ್ತಾಳೆ ಅಂತ ಮಗ ಸುರೇಶ ಅನ್ನುತ್ತಾನೆ. ಏನೇ ಇರಲಿ, ಮಣ್ಣನ್ನು ಹಿಡಿಯಲ್ಲಿ ಒತ್ತಿ, ಉಂಡೆಯನ್ನು ಬೆರಳಲ್ಲಿ ಚುಚ್ಚಿ ನೋಡಿ ಅವಳು "ಹದ ಬಂತು" ಅಂದರೆ ಕೇರಿಯ ಅರ್ಧ ಜನ ಎತ್ತು ಹೂಡುತ್ತಿದ್ದರು. ಆ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಈ ಸಲ ಕಕ್ಕೆ ಯುಗಾದಿಗೂ ಮೊದಲೇ ಮೈತುಂಬ ಹೂ ಬಿಟ್ಟಿತು. ಎಣಿಸಿದಳು. ಮೇ ತಿಂಗಳ ನಡುವಿಗೆ ಬಂತು. ಸರಿಯಾಗಿ ಆ ವಾರವೇ ಎರಡು ದಿನ ಮಳೆ ಹೊಯ್ಯಿತು.

"ಅಮ್ಮ, ಇದು ಅಡ್ಡಮಳೆ. ಇನ್ನು ಮೂರು ವಾರ ಮಳೆ ಇಲ್ಲ ಅಂತ ತೋರಿಸ್ತಿದೆ" ಅಂತ ಸುರೇಶ ಫೋನು ಹಿಡಿದು ಹಿಂದೆ ಹಿಂದೆ ಬಂದ.

"ನಿನ್ನ ಫೋನಿಗೆ ಬೇರು ಉಂಟಾ? ಕಕ್ಕೆಗೆ ಉಂಟು" ಅಂದಿದ್ದಳು ಹುಚ್ಚಮ್ಮ.

ರೋಹಿಣಿ ಹುಟ್ಟಲು ಇನ್ನೂ ಹತ್ತು ದಿನ ಇದೆ, ಒಂದು ಮೂಡೆಯಾದರೂ ಉಳಿಸು ಅಂದ ರಾಮಪ್ಪ. ಅವನ ಬಾಯನ್ನೂ ಮುಚ್ಚಿಸಿ ಎರಡನ್ನೂ ಬಿತ್ತಿಸಿದಳು. ಆಮೇಲೆ ಬಂದದ್ದು ಬಿಸಿಲು.

ಈಗ ಮೃಗಶಿರ ಹತ್ತಿರ ಬಂದಿದೆ. ಪಡುವಣದಲ್ಲಿ ಮೋಡ ಕೂಡುತ್ತಿದೆ. ಐದಾರು ದಿನದಲ್ಲಿ ಬಿತ್ತಿದರೆ ನೆರೆ ಬರುವಷ್ಟರಲ್ಲಿ ಪೈರು ಮೊಣಕಾಲಿಗೆ ಬಂದರೂ ಬರಬಹುದು. ಬಿತ್ತದಿದ್ದರೆ ಈ ವರ್ಷದ ಗದ್ದೆ ಹೋಯಿತು, ಅದಕ್ಕಿಂತ ಹೆಚ್ಚಾಗಿ ಬೀಜದ ತಳಿಯೇ ಹೋಯಿತು. ತನ್ನ ಕೈಯಲ್ಲೇ ಹೋಯಿತಲ್ಲ ಅನ್ನುವುದು ಅವಳಿಗೆ ಅನ್ನ ಸೇರಗೊಡುತ್ತಿರಲಿಲ್ಲ.

ಬೀಜ ಇರುವ ಜಾಗ ಒಂದಿತ್ತು. ಅದು ಅವಳಿಗೆ ಸಸಿ ಸೀದದ್ದು ಕಂಡ ದಿನವೇ ಹೊಳೆದಿತ್ತು. ಹೊಳೆದ ಮೇಲೂ ಹೊರಡಲು ಆರು ದಿನ ಹಿಡಿಯಿತು.

ತೊಗರ್ಸಿ ಕಡೆಯ ಗುತ್ಯಮ್ಮ, ಅವಳ ಗಂಡ ಮಾರಪ್ಪ ಪ್ರತಿ ವರ್ಷ ಕೊಯ್ಲಾದ ಮೇಲೆ ಕುರಿ ಹೊಡೆದುಕೊಂಡು ಈ ಕಡೆ ಬರುತ್ತಿದ್ದರು. ಹಗಲು ಕುರಿ ಮೇಯುತ್ತವೆ, ಸಂಜೆ ಹುಚ್ಚಮ್ಮನ ಗದ್ದೆಯಲ್ಲಿ ಮಂದೆ ನಿಲ್ಲುತ್ತವೆ, ಗದ್ದೆಗೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಭತ್ತ. ಮೂರು ವರ್ಷದ ಹಿಂದೆ ಗುತ್ಯಮ್ಮ, ಉಣ್ಣುವ ಭತ್ತ ಬೇಡ, ಬೀಜದ್ದೇ ಕೊಡಿ, ನಮ್ಮದೂ ಕೆರೆಯಂಗಳದಲ್ಲಿ ಒಂದು ತುಂಡು ನೀರು ನಿಲ್ಲುವ ಹೊಲವಿದೆ ಅಂತ ಒಂದು ಮೂಡೆ ನೆರೆಗೂಳಿ ಒಯ್ದಿದ್ದಳು.

ಅವಳ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಹೋಳಿ ಹುಣ್ಣಿಮೆ ಕಳೆದ ಮೇಲೆ ಕಾನಿಗೆ ಬೆಂಕಿ ಬಿದ್ದಿತ್ತು. ಬಿದ್ದದ್ದಲ್ಲ, ಹುಚ್ಚಮ್ಮನ ಕೈಯಿಂದ ದಾಟಿದ್ದು. ಪ್ರತಿ ವರ್ಷ ಅವಳು ಕಾನಿನ ಅಂಚಿನ ಒಣ ಎಲೆ ಗುಡಿಸಿ ಬದುವಿನ ಮೇಲೆ ಗುಪ್ಪೆ ಹಾಕಿ, ಮೇಲೆ ಮಣ್ಣು ಹೆಂಟೆ ಇಟ್ಟು ಬೆಂಕಿ ಕೊಡುತ್ತಿದ್ದಳು. ಸುಟ್ಟ ಮಣ್ಣು ಗದ್ದೆಗೆ ಒಳ್ಳೆಯದು. ಕಾನಿನ ನೆಲ ಯಾವಾಗಲೂ ತಣ್ಣಗೆ ಒದ್ದೆಯಾಗಿರುವುದರಿಂದ ಬೆಂಕಿ ಅಲ್ಲಿವರೆಗೆ ಹೋಗಿ ತಾನೇ ಆರುತ್ತಿತ್ತು. ಈ ವರ್ಷ ಮೂರು ತಿಂಗಳು ಹನಿ ಬಿದ್ದಿರಲಿಲ್ಲ, ಕಾನಿನೊಳಗೂ ಎಲೆ ಕಾಲಿಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದು ಅವಳ ಗಮನಕ್ಕೆ ಬರಲಿಲ್ಲ. ಬೆಂಕಿ ಕೊಟ್ಟು ರೊಟ್ಟಿ ತಿನ್ನಲು ಮನೆಗೆ ಹೋದಳು. ತಿಂದು ಬರುವಷ್ಟರಲ್ಲಿ ಹೊಗೆ ಮರದ ತುದಿ ದಾಟಿತ್ತು.

ಊರಿನವರು ಎರಡು ದಿನ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸಿದರು. ಮೂರನೇ ದಿನ ಹಾಲಿನ ಡೈರಿ ಮುಂದೆ ಎಲ್ಲರೂ ಸೇರಿದರು, ಗುತ್ಯಮ್ಮ ಮಾರಪ್ಪ ಕೂಡ. ಹಾಲು ಅಳೆಯುವ ಮಲ್ಲೇಶಪ್ಪ, "ಹೊಸ ಹುಲ್ಲು ಚಿಗುರ್ಲಿ ಅಂತ ಕುರಿಯೋರೇ ಹಾಕಿರ್ತಾರೆ" ಅಂದ. ಅಷ್ಟು ಸಾಕಾಯಿತು. ಸುರೇಶ ಎಲ್ಲರಿಗಿಂತ ಜೋರಾಗಿ, "ಇವತ್ತೇ ಮಂದೆ ಎಬ್ಸಿ. ಇನ್ನೊಂದು ಸಲ ಈ ಕಡೆ ಕಾಲಿಟ್ರೆ ನೋಡಿ" ಅಂತ ಕೂಗಾಡಿದ. ಗುತ್ಯಮ್ಮ ಗುಂಪಿನಲ್ಲಿ ಹುಡುಕಿ ಹುಚ್ಚಮ್ಮನನ್ನು ನೋಡಿದಳು. "ಹುಚ್ಚಕ್ಕ, ನೀವಾದ್ರೂ ಹೇಳ್ರಿ. ನಾವು ಅಂಥೋರಾ?" ಹುಚ್ಚಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಹನ್ನೆರಡು ಗಂಟೆಯ ಬಿಸಿಲಲ್ಲಿ ಆ ಗಂಡಹೆಂಡತಿ ಕುರಿ ಎಬ್ಬಿಸಿಕೊಂಡು ಹೋದರು.

ಏಳನೇ ದಿನ ಬೆಳಿಗ್ಗೆ ಹುಚ್ಚಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಸೊರಬದಲ್ಲಿ ಇಳಿದು ಶಿರಾಳಕೊಪ್ಪದ ಬಸ್ಸು, ಅಲ್ಲಿಂದ ತೊಗರ್ಸಿಯ ಬಸ್ಸು. ದಾರಿಯುದ್ದಕ್ಕೂ ಎರಡೂ ಕಡೆ ಜೋಳದ ಹೊಲ. ಕೆಲವರು ಬಿತ್ತಿದ್ದನ್ನು ಕೆದಕಿ ಎರಡನೇ ಸಲ ಬಿತ್ತುತ್ತಿದ್ದರು. ತಪ್ಪಿದ್ದು ನಾನೊಬ್ಬಳೇ ಅಲ್ಲ ಅಂತ ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆ ಅದೂ ಹೋಯಿತು. ಎರಡು ಸಲ ಸೀಟು ಬದಲಿಸಿದಳು. ಕಂಡಕ್ಟರ್, "ಅಜ್ಜಿ, ಒಂದ್ಕಡೆ ಕೂರಿ" ಅಂತ ಗದರಿದ.

ಗುತ್ಯಮ್ಮ ಮನೆಯ ಮುಂದೆ ಮರಿಗಳಿಗೆ ನೀರು ಇಡುತ್ತಿದ್ದಳು. ಮಾರಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಹುಚ್ಚಮ್ಮನನ್ನು ಕಂಡು ಅವಳ ಕೈ ನಿಂತಿತು. "ಬರ್ರಿ" ಅಂದಳು. ಅಕ್ಕ ಅನ್ನಲಿಲ್ಲ. ಸೊಸೆ ಮಮತಾ ಚಾಪೆ ಹಾಸಿ, ಚಹಾ ಕೊಟ್ಟು ಒಳಗೆ ಹೋದಳು.

ಏನು ಮಾತಾಡುವುದು ಅಂತ ತಿಳಿಯದೆ ಹುಚ್ಚಮ್ಮ, "ಕುರಿ ಚೆನ್ನಾಗಿದಾವಾ?" ಅಂತ ಕೇಳಿದಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

"ಹನ್ನೊಂದು ಕಂದು ಹಾಕಿದ್ವು" ಅಂದಳು ಗುತ್ಯಮ್ಮ. "ಗಬ್ಬದ ಕುರಿ ಅವು, ದಿನ ತುಂಬದ ಮರಿ ಬಿದ್ವು. ಆ ಬಿಸಿಲಾಗ ನಡೆಸ್ಕಂಡು ಬಂದ್ವಲ್ಲ, ನೀರಿಲ್ಲ, ನೆಳ್ಳಿಲ್ಲ. ದಾರ್ಯಾಗ ಮೂರು, ಮನಿಗೆ ಬಂದಮ್ಯಾಲ ಎಂಟು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಜನಕ್ಕೆ ಹೇಳಿ ಹೇಳಿ ಸವೆದ ಮಾತು ಅದು.

ಹುಚ್ಚಮ್ಮ ಚಹಾದ ಲೋಟ ಕೆಳಗಿಟ್ಟಳು. ಎದ್ದು ಹೋಗಿಬಿಡೋಣ ಅನ್ನಿಸಿ ಅರ್ಧ ಎದ್ದಳು.

"ಬಂದಿದ್ದು ಏನು ಹೇಳ್ರಿ. ಇಷ್ಟು ದೂರ ಸುಮ್ನ ಬರೋರಲ್ಲ ನೀವು."

"ನೆರೆಗೂಳಿ ಬೀಜ ಇದ್ರೆ..." ಅಂದಳು ಹುಚ್ಚಮ್ಮ.

ಗುತ್ಯಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಮೂಡೆ ಹೊತ್ತು ತಂದು ಕಟ್ಟು ಬಿಚ್ಚಿ, ಒಂದು ಕಾಳು ಹಲ್ಲಲ್ಲಿ ಕಡಿದು ನೋಡಿದಳು. "ಗಟ್ಟಿ ಐತಿ. ಬೀಜ ಕೇಳಿ ಬಂದೋರಿಗೆ ಇಲ್ಲ ಅನ್ನಂಗಿಲ್ಲ ನಮ್ಮನ್ಯಾಗ. ಉಡಿ ಹಿಡೀರಿ." ಮೂರು ಬೊಗಸೆ ಭತ್ತ ಹುಚ್ಚಮ್ಮನ ಉಡಿಗೆ ಬಿತ್ತು. ಉಳಿದದ್ದನ್ನು ಹುಚ್ಚಮ್ಮ ಒಯ್ಯಲೆಂದು ಮತ್ತೆ ಕಟ್ಟಿ ಪಕ್ಕಕ್ಕಿಟ್ಟಳು.

"ನಿಮಗ ಹದ ತಪ್ಪಿದ್ದು ಹ್ಯಾಂಗ್ರಿ? ಊರಿಗೆಲ್ಲ ಹೇಳೋರು ನೀವು."

"ಕಕ್ಕೆ ಮೋಸ ಮಾಡ್ತು ಕಣೇ. ಯುಗಾದಿಗಿಂತ ಮುಂಚೆ ಹೂ ಬಿಡ್ತು. ಎಣಿಸಿ ಬಿತ್ತಿದೆ."

"ಯಾವ ಕಕ್ಕಿ? ಕಾನಿನ ಅಂಚಿಂದಾ?" ಗುತ್ಯಮ್ಮ ಹುಬ್ಬು ಗಂಟಿಕ್ಕಿದಳು. "ನಾವು ಕುರಿ ಹಿಂದ ಈಸೂರು, ಬಳ್ಳಿಗಾವಿ ಎಲ್ಲ ತಿರುಗೀವಿ. ಯುಗಾದಿಗಿಂತ ಮೊದ್ಲ ಎಲ್ಲೂ ಒಂದು ಕಕ್ಕಿ ಹೂ ಬಿಟ್ಟಿದ್ದಿಲ್ಲ. ನಿಮ್ಮ ಮರದ ಬುಡಕ್ಕ ಬೆಂಕಿ ಝಳ ತಾಗೈತಿ. ಅಂಥ ಮರ ಹೊತ್ತಿಗಿಂತ ಮುಂಚೆ ಹೂ ಬಿಟ್ಬಿಡ್ತತಿ, ಸಾಯ್ತೀನೇನೋ ಅಂತ. ಅದು ಮಳಿಗೆ ಬಿಟ್ಟ ಹೂ ಅಲ್ರಿ." ಬಗ್ಗಿ ಒಂದು ಮರಿಯನ್ನು ದೂರ ತಳ್ಳುತ್ತಾ, "ಯಾರು ಹಚ್ಚಿದ್ರೋ, ಕಾನಿಗಷ್ಟೇ ಅಲ್ಲ, ನಿಮ್ಮ ಗದ್ದಿಗೂ ಹಚ್ಚಿದ್ರು ನೋಡ್ರಿ" ಅಂದಳು.

ಬೆಂಕಿ ಆರಿ ಹತ್ತು ದಿನಕ್ಕೆ ಹೂ ಬಂದಿತ್ತು. ಬುಡ ಕರಿಕಾಗಿದ್ದನ್ನು ಕಣ್ಣಾರೆ ಕಂಡಿದ್ದಳು. ಕಂಡೂ ತಲೆಯೆತ್ತಿ ಹೂವನ್ನಷ್ಟೇ ಎಣಿಸಿದ್ದಳು. ಬುಡ ನೋಡಿದರೆ ತನ್ನ ಕೆಲಸ ಕಾಣುತ್ತದೆ ಅಂತ ನೋಡಿರಲಿಲ್ಲ. ಹುಚ್ಚಮ್ಮನ ಉಡಿಯ ಅಂಚು ಜಾರಿ ಕಾಳು ನಾಲ್ಕು ನೆಲಕ್ಕೆ ಬಿದ್ದವು.

"ನಾನೇ" ಅಂದಳು. "ನಾನೇ ಹಚ್ಚಿದ್ದು ಗುತ್ಯಮ್ಮ. ಬದುವಿನ ಗುಪ್ಪೆಗೆ ಕೊಟ್ಟ ಬೆಂಕಿ ದಾಟಿಹೋಯ್ತು. ಅವತ್ತು ಎಲ್ಲರೂ ನಿಮ್ಮ ಮೇಲೆ ಹೇಳ್ವಾಗ ಹೆದರಿ ಸುಮ್ನಿದ್ದೆ."

ಗುತ್ಯಮ್ಮ ಬಗ್ಗಿದಳು. ನೆಲದ ಮೇಲಿನ ಆ ನಾಲ್ಕು ಕಾಳು ಹೆಕ್ಕಿ ಹುಚ್ಚಮ್ಮನ ಉಡಿಗೇ ಹಾಕಿದಳು.

"ಉಡಿಗೆ ಹಾಕಿದ್ದು ತಿರುಗಿ ತಗೊಳ್ಳಂಗಿಲ್ಲ. ಹೊರಡ್ರಿ, ಬಸ್ಸಿಗೆ ಹೊತ್ತಾತು" ಅಂದಳು. ಮೂಡೆಯನ್ನು ತಾನೇ ಹೊತ್ತು ರಸ್ತೆಯವರೆಗೆ ತಂದು ಇಳಿಸಿದಳು. ಬಸ್ಸು ಕಂಡಾಗ, "ಇಲ್ಲಿ ನನ್ನ ಮುಂದ ಹೇಳಿದ್ರಿ, ಅದರಿಂದ ನಮಗೇನೂ ಆಗಂಗಿಲ್ಲ. ನಮ್ಮನ್ನ ಎಬ್ಬಿಸಿದ್ದು ಎಲ್ಲರ ಮುಂದ" ಅಂದು ತಿರುಗಿ ಹೋದಳು.

ಅವತ್ತು ಸಂಜೆ ಹಾಲಿನ ಹೊತ್ತಿಗೆ ಹುಚ್ಚಮ್ಮ ಮನೆಗೆ ಹೋಗದೆ ನೇರ ಡೈರಿಗೆ ಹೋದಳು. ಸಾಲಿನಲ್ಲಿ ಹದಿನೈದು ಜನ. ಸುರೇಶನೂ ಇದ್ದ. ಬೆಂಕಿ ಹಚ್ಚಿದ್ದು ನಾನು, ಕುರಿಯವರಲ್ಲ ಅಂತ ಹೇಳಿದಳು. ಅವರ ಹನ್ನೊಂದು ಕುರಿ ಕಂದು ಹಾಕಿದ್ದನ್ನೂ ಹೇಳಿದಳು. ಬೈಯುತ್ತಾರೆ, ಉಗಿಯುತ್ತಾರೆ ಅಂತ ಮೈ ಬಿಗಿಹಿಡಿದು ನಿಂತಳು.

ಮಲ್ಲೇಶಪ್ಪ ಲೀಟರು ಎತ್ತಿ ಸುರಿದು, "ಬಿಡು ಹುಚ್ಚಮ್ಮ. ಆಗಿದ್ದು ಆಗಿಹೋತು. ಕಾನೂ ಚಿಗುರ್ತಿದೆ. ನೀ ಅಲ್ದಿದ್ರೆ ಅವ್ರೇ ಹಾಕ್ತಿದ್ರು" ಅಂದ. ಒಂದಿಬ್ಬರು ನಕ್ಕರು. ಸಾಲು ಮುಂದೆ ಸರಿಯಿತು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಸುರೇಶ ಮಾತ್ರ ನಗಲಿಲ್ಲ, ಕ್ಯಾನು ಅಲ್ಲೇ ಬಿಟ್ಟು ಹೊರಟುಹೋದ.

ಮನೆಯಲ್ಲಿ ಅವನು ಒಂದೇ ಮಾತು ಕೇಳಿದ. "ಅವತ್ತು ನಾ ಅಷ್ಟು ಕೂಗಾಡ್ವಾಗ ನೀ ಯಾಕಮ್ಮ ತಡೀಲಿಲ್ಲ?"

"ನೀ ಕೂಗಾಡಿದ್ದೇ ನಂಗೆ ಅನುಕೂಲ ಆಯ್ತು" ಅಂದಳು ಹುಚ್ಚಮ್ಮ. ಅದು ನಿಜ. ನಿಜವಾದ್ದರಿಂದಲೇ ಅವನು ಉಣ್ಣದೆ ಎದ್ದುಹೋದ.

ಆ ರಾತ್ರಿ ಒಂದು ಹದವಾದ ಮಳೆ ಬಿತ್ತು. ಬೆಳಿಗ್ಗೆ ರಾಮಪ್ಪ ಎತ್ತು ಹೂಡಿಕೊಂಡು ಗದ್ದೆಗೆ ಹೋದ. ಹುಚ್ಚಮ್ಮ ಉಡಿಯಲ್ಲಿ ಆ ಮೂರು ಬೊಗಸೆ ಕಾಳು ಕಟ್ಟಿಕೊಂಡು, ಮೂಡೆ ಹೊತ್ತು, ಗದ್ದೆಯ ದಾರಿ ಬಿಟ್ಟು ಡೈರಿಯ ಮೆಟ್ಟಿಲ ಮೇಲೆ ಹೋಗಿ ಕೂತಳು.

"ಅವ್ರನ್ನ ಎಬ್ಸಿದ್ದು ಇಲ್ಲಿಂದ. ತಪ್ಪಾಯ್ತು ಅಂತ ಇಲ್ಲಿಂದ್ಲೇ ಹೇಳ್ಬೇಕು. ಹೇಳೋ ತನಕ ಈ ಬೀಜ ಕೂರಿಗೆಗೆ ಹಾಕಲ್ಲ" ಅಂದಳು.

ಜನ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಪಡುವಣದ ಕಡೆ ತಿರುಗಿದರು. ಮೋಡ ಕಪ್ಪಾಗಿ ಇಳಿಯುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ಆ ಜಿಗುಟು ಮಣ್ಣಿನಲ್ಲಿ ಕೂರಿಗೆ ಇಳಿಯುವುದಿಲ್ಲ, ಮತ್ತೆ ಒಂದು ವಾರ ಕಾಯಬೇಕು, ಅಷ್ಟರಲ್ಲಿ ನೆರೆಯ ಲೆಕ್ಕ ತಪ್ಪುತ್ತದೆ. ಇದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಹಾಲು ಕೊಟ್ಟವರು ಮನೆಗೆ ಹೋಗಲಾರದೆ ನಿಂತರು. "ಹೋಗಿ ಬಿತ್ತಮ್ಮ, ಆಮೇಲೆ ಮಾತಾಡಾಣ" ಅಂದ ಒಬ್ಬ. "ಹತ್ತು ಗಂಟೆ ಆದ್ರೆ ಹದ ಹೋಯ್ತು" ಅಂದ ಇನ್ನೊಬ್ಬ. ಒಬ್ಬ ಹೆಂಗಸು ಬಗ್ಗಿ ರಸ್ತೆಬದಿಯ ಮಣ್ಣು ಹಿಡಿಯಲ್ಲಿ ಒತ್ತಿ ನೋಡಿ, "ಅಯ್ಯೋ, ಎಷ್ಟು ಚೆಂದ ಹದ ಬಂದಿದೆ!" ಅಂತ ಕೈಕೈ ಹಿಸುಕಿಕೊಂಡಳು. ಹುಚ್ಚಮ್ಮನ ಕಾಲು ತಾನಾಗಿ ಗದ್ದೆಯ ಕಡೆ ಎಳೆಯುತ್ತಿತ್ತು. ಮೆಟ್ಟಿಲ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

ಕಾನು ಸುಟ್ಟದ್ದನ್ನು ಸಹಿಸಿದ ಜನ, ಕುರಿಯವರನ್ನು ಬಿಸಿಲಿಗೆ ಅಟ್ಟಿದ್ದನ್ನೂ ಸಹಿಸಿದ ಜನ, ಬಂದ ಹದ ಕಣ್ಣೆದುರೇ ಹೋಗುವುದನ್ನು ಸಹಿಸಲಾರದೆ ಹೋದರು. ಮೊದಲು ತಡೆಯದಾದವನು ಮಲ್ಲೇಶಪ್ಪನೇ. "ಥತ್, ಯಾರ ಹತ್ರ ಇದ್ಯೋ ಅವ್ರ ನಂಬರು?" ಅಂದ. ಸಾಲಿನ ಹಿಂದೆ ನಿಂತಿದ್ದ ಸುರೇಶ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದು, "ನನ್ನ ಹತ್ರ ಇದೆ" ಅಂತ ಫೋನು ತೆಗೆದ. ಎಲ್ಲರಿಗೂ ಕೇಳುವ ಹಾಗೆ ದನಿ ದೊಡ್ಡದು ಮಾಡಿ ಹಿಡಿದ. ಅವನ ಕಿವಿ ಕೆಂಪಾಗಿತ್ತು.

"ಅಕ್ಕ, ನಾನು ಸುರೇಶ. ಹುಚ್ಚಮ್ಮನ ಮಗ. ಡೈರಿ ಹತ್ರ ಎಲ್ಲರೂ ಇದಾರೆ. ಅವತ್ತು ನಾ ಆಡಿದ್ದು ತಪ್ಪಾಯ್ತು. ನಿಮ್ದೇನೂ ಇರ್ಲಿಲ್ಲ. ನಮ್ಮದೇ ತಪ್ಪು."

ಮಲ್ಲೇಶಪ್ಪನೂ ಬಗ್ಗಿ ಫೋನಿಗೆ ಬಾಯಿ ಇಟ್ಟು, "ಹೌದಮ್ಮ, ಮೊದ್ಲು ಹೇಳಿದ್ದು ನಾನು. ತಪ್ಪಾಯ್ತು" ಅಂದ.

ಆ ಕಡೆಯಿಂದ ಕುರಿ ಅರಚುವುದು ಕೇಳಿತು. ಜನ ಫೋನಿನ ಸುತ್ತ ಒತ್ತಿಕೊಂಡು ನಿಂತರು.

"ಬಿತ್ತಿದಿರೇನು?" ಅಂತ ಗುತ್ಯಮ್ಮ ಕೇಳಿದಳು.

"ಇಲ್ಲ ಅಕ್ಕ. ನಿಮಗೆ ಹೇಳೋ ತನಕ ಬಿತ್ತಲ್ಲ ಅಂತ ಅಮ್ಮ ಇಲ್ಲೇ ಕೂತಿದಾರೆ."

"ಮೋಡ ಐತೇನು ಅಲ್ಲಿ?"

"ಕವ್ಕೊಂಡು ಬಂದಿದೆ."

"ಮತ್ತ ಫೋನ್ ಹಿಡ್ಕಂಡು ಏನು ನಿಂತೀಯೋ ತಮ್ಮ! ನನ್ನ ಬೀಜ ಅದು. ಹೊಟ್ಟಿ ಕಟ್ಟಿ ಇಟ್ಟಿದ್ದೆ. ಬಿತ್ರಿ ಮೊದ್ಲು!" ಅಂದಳು. ಗದರಿದ ದನಿ ಕೊನೆಗೆ ಒಡೆಯಿತು. ಕುರಿ ತರುತ್ತೇನೆ ಅನ್ನಲಿಲ್ಲ, ತರುವುದಿಲ್ಲ ಅನ್ನಲಿಲ್ಲ. ಫೋನು ಇಟ್ಟುಬಿಟ್ಟಳು.

ಹುಚ್ಚಮ್ಮ ಎದ್ದಳು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ, ಎರಡೂ ಕೈ ಉಡಿ ಹಿಡಿದಿದ್ದವು. ಸುರೇಶ ಮೂಡೆ ಎತ್ತಿ ಹೆಗಲಿಗೆ ಹಾಕಿಕೊಂಡ. ಐವತ್ತೆಂಟು ವರ್ಷದ ಹೆಂಗಸು ಅಳುತ್ತಲೇ ಗದ್ದೆಯ ಕಡೆ ಓಡಿದಳು, ಹಿಂದೆ ಡೈರಿಯ ಅರ್ಧ ಜನ ಖಾಲಿ ಕ್ಯಾನು ಹಿಡಿದುಕೊಂಡು ಓಡಿದರು.